ಯಾರ ಮರಿ ಎಂದು ಕೇಳಿದ ಗಾರೆನ್

ಆ ಡಾಕ್ಟರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಕರಾವಳಿ ಪಟ್ಟಣದ ಆಸ್ಪತ್ರೆಯಲ್ಲಿ, ಕಿಟಕಿಯ ಪಕ್ಕ ಎರಡು ಮೆತ್ತನೆಯ ಕುರ್ಚಿ ಹಾಕಿಸಿ, ನಡುವೆ ಕಣ್ಣೊರೆಸುವ ಕಾಗದದ ಡಬ್ಬಿ ಇಟ್ಟುಕೊಂಡು ಕೂತಿದ್ದ ಆತ, ನಾನು ಕೂತು ಟೊಪ್ಪಿ ತೆಗೆಯುವಷ್ಟರಲ್ಲಿ ಕೇಳಿದ: "ನಿಮ್ಮ ಹತ್ತಿರ ಎಷ್ಟು ಹಿಮಸಾರಂಗಗಳಿವೆ?"

ನಾರ್ವೆಯ ಉತ್ತರ ತುದಿಯ ನಮ್ಮ ಸಾಮಿ ಜನರಲ್ಲಿ ಯಾರೂ ಯಾರನ್ನೂ ಅದನ್ನು ಕೇಳುವುದಿಲ್ಲ. ಒಡಹುಟ್ಟಿದವರು ಕೂಡ ಕೇಳುವುದಿಲ್ಲ. ಮಗುವೊಂದು ತಿಳಿಯದೆ ಕೇಳಿದರೆ, "ಮರದ ಈಚೆ ಒಂದಿಷ್ಟು, ಆಚೆ ಒಂದಿಷ್ಟು" ಎಂದು ಅದರ ಮೂಗು ಹಿಂಡಿ ಕಳಿಸುತ್ತೇವೆ.

"ನಿಮ್ಮ ಬ್ಯಾಂಕಲ್ಲಿ ಎಷ್ಟಿದೆ ಡಾಕ್ಟರೇ? ಅದರಲ್ಲಿ ಹೆಂಡತಿಗೆ ಗೊತ್ತಿಲ್ಲದ್ದು ಎಷ್ಟು?" ಎಂದೆ.

ಆತ ಅದನ್ನೂ ಬರೆದುಕೊಂಡ.

ಕೆಟ್ಟ ಮನುಷ್ಯನೇನಲ್ಲ. ನನ್ನ ಮೇಲೆ ಕೆಲಸದ ಹೊರೆ ಎಷ್ಟಿದೆ ಎಂದು ತಿಳಿಯಲು ಕೇಳಿದನಂತೆ. ಆಮೇಲೆ ಮೂರು ತಿಂಗಳು ರಜೆ ತೆಗೆದುಕೊಳ್ಳಿ ಎಂದ. ಚಳಿಗಾಲದ ನಡುವೆ, ಹಿಂಡು ಹಿಮ ಅಗೆದು ಪಾಚಿ ಹುಡುಕುತ್ತಿರುವಾಗ! ರಜೆಯ ಮಾತನ್ನು ಆ ಪ್ರಾಣಿಗಳಿಗೆ ಯಾರು ಹೋಗಿ ತಿಳಿಸಬೇಕಿತ್ತು? ಕೊನೆಗೆ, "ನಿಮ್ಮ ತಮ್ಮನ ಬಗ್ಗೆ ಏನಾದರೂ ಹೇಳಿ" ಎಂದ. ನಾರ್ವೀಜಿಯನ್ ಭಾಷೆಯಲ್ಲಿ ನಾನು ಹಿಮದ ಸ್ಕೂಟರ್ ರಿಪೇರಿ ಮಾಡಿಸಬಲ್ಲೆ, ಸರ್ಕಾರದವರನ್ನು ಬಯ್ಯಬಲ್ಲೆ. ನನ್ನ ತಮ್ಮನ ಬಗ್ಗೆ ಮಾತಾಡಲು ಆ ಭಾಷೆಯಲ್ಲಿ ನನಗೆ ಬಾಯಿಲ್ಲ. ಕುರ್ಚಿಯನ್ನು ಒದ್ದು ಹೊರಗೆ ಬಂದೆ. ಹೊರಗೆ ಕಾದಿದ್ದ ಲೆಮೆತ್ ಚಿಕ್ಕಪ್ಪ, "ಇಷ್ಟು ಬೇಗ ವಾಸಿಯಾಯ್ತಾ?" ಎಂದ.

ಆದರೆ ನಾನು ಬರೆಯಲು ಕೂತದ್ದು ಆತನ ವಿಷಯವನ್ನಲ್ಲ, ಗಾರೆನ್ ವಿಷಯವನ್ನು. ಅವಳ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ. ಬರೆಯಬೇಕಾದವನು ನಾನು, ನಾನೋ ಶಾಲೆಯಲ್ಲಿ ಕೂತದ್ದಕ್ಕಿಂತ ಶಾಲೆಯಿಂದ ಓಡಿಹೋದದ್ದೇ ಹೆಚ್ಚು.

ಮೊದಲು ಯೋವ್ನಾನ ಮಾತು ಹೇಳಿಬಿಡಬೇಕು. ಅವನು ನನ್ನ ತಮ್ಮ. ಆ ಚಳಿಗಾಲಕ್ಕೆ ಹಿಂದಿನ ವರ್ಷ, ಎಲೆ ಉದುರುವ ಕಾಲದಲ್ಲಿ, ತಾನಾಗಿಯೇ ಜೀವ ಬಿಟ್ಟ. ಅದಕ್ಕೆ ಸ್ವಲ್ಪ ಮುಂಚೆ ಬೇಲಿಯ ಗೇಟು ಮುಚ್ಚಲು ಮರೆತಿದ್ದ. ನಮ್ಮ ಹಿಂಡು ಪಕ್ಕದವರ ಹಿಂಡಿನೊಳಗೆ ನುಗ್ಗಿ, ಬೇರ್ಪಡಿಸುವಷ್ಟರಲ್ಲಿ ಎಲ್ಲರ ಸೊಂಟ ಬಿತ್ತು. ನಾನು ಫೋನಿನಲ್ಲಿ ಕೂಗಾಡಿದೆ. "ಗೇಟು ಹಾಕೋಕೆ ಬರದೋನಿಗೆ ಹಿಮಸಾರಂಗ ಯಾಕೋ? ಹೋಗಿ ಅಂಗಡೀಲಿ ಮೀನು ತೂಗು, ಹೋಗು." ಅವನು ತಿರುಗಿ ಬಯ್ಯಲಿಲ್ಲ. "ನಿದ್ದೆ ಬರ್ತಿಲ್ಲ ಕಣೋ ಸಮ್ಮೊಲ್. ಒಂದ್ಸಲ ಬಂದು ಕಾಫಿ ಕುಡಿದು ಹೋಗು" ಎಂದ. ನಾನು ಫೋನ್ ಕತ್ತರಿಸಿದೆ. ಅದೇ ಕೊನೆ.

ನನ್ನ ತಪ್ಪಲ್ಲ ಎಂದು ಪಾದ್ರಿ ಹೇಳಿದರು, ಲೆಮೆತ್ ಹೇಳಿದ, ಡಾಕ್ಟರೂ ಹೇಳಿದ. ಹಾಗೆ ಹೇಳಿದವರನ್ನೆಲ್ಲ ಹೊಡೆಯಬೇಕೆನಿಸುತ್ತಿತ್ತು. ಕಾಫಿಗೆ ಕರೆದದ್ದು ಅವರನ್ನಲ್ಲ.

ಯೋವ್ನಾ ಹೋದರೂ ಅವನ ಕಿವಿಗುರುತು ಹಿಂಡಿನಲ್ಲಿ ಓಡಾಡುತ್ತಿತ್ತು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು. ಹಿಮಸಾರಂಗದ ಎರಡು ಕಿವಿಯಲ್ಲೂ ಚಾಕುವಿನಿಂದ ಕೊಯ್ದ ಕಚ್ಚು. ಬೇಸಿಗೆಯಲ್ಲಿ ತಾಯಿಯ ಹಿಂದೆ ಯಾವ ಮರಿ ಓಡುತ್ತದೋ ನೋಡಿಕೊಂಡು, ತಾಯಿಯ ಒಡೆಯನ ಗುರುತನ್ನೇ ಮರಿಗೂ ಹಾಕುತ್ತೇವೆ. ಹಾಕದೆ ಬಿಟ್ಟ ಮರಿ ಯಾರದ್ದೂ ಅಲ್ಲ. ಯೋವ್ನಾನ ಹೆಣ್ಣು ಹಿಮಸಾರಂಗಗಳು ಅವನು ಹೋದ ಮೇಲೂ ಈದವು. ಅವನ ಮಗಳು ಸುನ್ನಾಳನ್ನು ಕರೆಸಿ, ಅಪ್ಪನ ಗುರುತನ್ನು ಅವಳ ಹೆಸರಿಗೆ ಮಾಡಿ, ಅವಳ ಕೈಯಿಂದಲೇ ಕೊಯ್ಯಿಸಬೇಕಿತ್ತು. ಅದು ರೂಢಿ. ನಾನು ಕರೆಸಲಿಲ್ಲ. ಸುನ್ನಾ, ಅವಳ ತಾಯಿ ಮಾಗ್ಗಾ ಇಬ್ಬರೂ ಕರಾವಳಿಯಲ್ಲಿ ಮಾಗ್ಗಾಳ ತವರಿನಲ್ಲಿದ್ದರು. ಆ ಹುಡುಗಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮೊದಲ ಬೇಸಿಗೆ ನಾನೇ ಆ ಮರಿಗಳನ್ನು ಹಿಡಿದು, ಬೆನ್ನು ತಿರುಗಿಸಿ ಕೂತು, ಸತ್ತವನ ಗುರುತನ್ನು ಕೊಯ್ದೆ. ದೊಡ್ಡಿಯಲ್ಲಿದ್ದವರೆಲ್ಲ ನೋಡಿದರು. ನಾನು ಹೆಸರು ಹೇಳಲಿಲ್ಲ, ಅವರು ಕೇಳಲಿಲ್ಲ. ಒಬ್ಬರ ನೋವಿಗೆ ಕೈ ಹಾಕಬಾರದು ಎಂಬುದು ನಮ್ಮ ಮರ್ಯಾದೆ.

ಆ ಮರ್ಯಾದೆಯೊಳಗೆ ನಾನು ಮುಳುಗಿಹೋಗುತ್ತಿದ್ದೆ. ಚಳಿಗಾಲ ಬರುವ ಹೊತ್ತಿಗೆ ಬೆಟ್ಟದ ಗುಡಿಸಲಿನಿಂದ ಮನೆಗೆ ಬರುವುದನ್ನೇ ಬಿಟ್ಟಿದ್ದೆ. ಲೆಮೆತ್ ಒಂದು ದಿನ ಬಂದು, ಬಂದೂಕನ್ನು ಗೋಡೆಯಿಂದ ತೆಗೆದು, "ನನ್ನದು ಕೆಟ್ಟಿದೆ, ಇದನ್ನ ಒಯ್ತೀನಿ" ಎಂದು ಹೇಳಿ ತನ್ನ ಮನೆಗೆ ಸಾಗಿಸಿದ. ಅವನದು ಕೆಟ್ಟಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಕುರ್ಚಿ ಒದ್ದ ಮೇಲೂ ಅವನು ಸುಮ್ಮನಾಗಲಿಲ್ಲ. ಎಲ್ಲಿಗೋ ಫೋನ್ ಮಾಡಿದ. ನಮ್ಮ ಜನಕ್ಕೆ ನಮ್ಮ ಭಾಷೆಯಲ್ಲೇ ಮಾತಾಡುವ ಮನೋರೋಗದ ದಾದಿಯೊಬ್ಬಳು ಹೊಸದಾಗಿ ಬಂದಿದ್ದಾಳೆ, ಮನೆಗೇ ಬರುತ್ತಾಳೆ ಎಂದು ತಿಳಿಯಿತು.

ಅವಳೇ ಗಾರೆನ್.

ಬಂದದ್ದು ಮಾರ್ಚಿನಲ್ಲಿ, ಹಿಮದ ಮೇಲೆ ಬಿಸಿಲು ಹೊಡೆಯುವ ಕಾಲ. ಲೆಮೆತ್‌ನ ಒತ್ತಾಯಕ್ಕೆ ಮನೆಗೆ ಬಂದಿದ್ದ ನಾನು ಅಂಗಳದಲ್ಲಿ ಜಾರುಬಂಡಿಯ ತಳ ಸರಿಮಾಡುತ್ತಿದ್ದೆ. ಐವತ್ತು ದಾಟಿದ ಗಿಡ್ಡ ಹೆಂಗಸು, ಕೆಂಪು ಉಣ್ಣೆ ಟೊಪ್ಪಿ, ಕೈಗವಸು ಕಾರಿನಲ್ಲೇ ಮರೆತು ಕೈ ಉಜ್ಜಿಕೊಳ್ಳುತ್ತಾ ನಿಂತಳು. "ನಮಸ್ಕಾರ. ನಾನು ಆರೋಗ್ಯ ಇಲಾಖೆಯ ವತಿಯಿಂದ ತಮ್ಮನ್ನು ಭೇಟಿಯಾಗಲು ಆಗಮಿಸಿರುತ್ತೇನೆ."

ನಾನು ನಾಯಿಯ ಕಡೆ ತಿರುಗಿದೆ. "ನೋಡೋ ಚಾಪ್ಪೆ, ಪುಸ್ತಕಕ್ಕೆ ಕಾಲು ಬಂದಿದೆ."

ಅವಳು ನಕ್ಕಳು. "ತಾವು ನನ್ನ ಭಾಷೆಯ ಬಗ್ಗೆ ಹಾಸ್ಯ ಮಾಡುತ್ತಿರುವಿರಿ."

"ಎಲ್ಲಿ ಕಲ್ತೆ ಇದನ್ನ?"

"ಸಂಜೆಯ ತರಗತಿಯಲ್ಲಿ. ನಲವತ್ತನೇ ವಯಸ್ಸಿನಲ್ಲಿ."

"ಮೀನಿನ ಕಡೆಯವಳಾ?"

"ಹೌದು. ಸಮುದ್ರದ ಕೊಲ್ಲಿಯವಳು."

ಕರಾವಳಿಯ ನಮ್ಮವರು ಬೆಟ್ಟದ ನಮ್ಮವರಿಗೆ ಎಂದೂ ಸಮನಲ್ಲ. ಅವರಿಗೆ ಹಿಂಡಿಲ್ಲ, ಕಿವಿಗುರುತಿಲ್ಲ. ಹೆಚ್ಚಿನವರು ಭಾಷೆಯನ್ನೂ ಬಿಟ್ಟರು. "ಹಾಗಾದ್ರೆ ಈ ತುದಿ ಹಿಡ್ಕೋ. ಮೀನು ಹಿಡಿದ ಹಾಗೆ ಜಾರಿಸಬೇಡ" ಎಂದೆ. ಅವಳು ಹಿಡಿದಳು. ಏನೂ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಕಾಫಿ ಕೊಟ್ಟೆ, ನಮ್ಮ ರೂಢಿಯಂತೆ ಒಣಮಾಂಸ ಕೊಯ್ದು ಲೋಟಕ್ಕೆ ಹಾಕಿದೆ. ಕುಡಿದು ಎದ್ದಳು.

"ಇಷ್ಟಕ್ಕೇನಾ ಸರ್ಕಾರ ನಿನಗೆ ಸಂಬಳ ಕೊಡೋದು?"

"ಹೌದು. ಪೆಟ್ರೋಲ್ ಖರ್ಚನ್ನೂ ಭರಿಸುತ್ತದೆ."

ಮುಂದಿನ ಸಲ ಬಂದಾಗ ತಪ್ಪು ಮಾಡಿದಳು. ಅವಳು ತಪ್ಪು ಮಾಡದವಳೇನಲ್ಲ. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಬೇಸರವಾಯಿತು, ಎಷ್ಟು ಸಲ ಬದುಕು ಸಾಕೆನಿಸಿತು ಎಂದು ಗುರುತು ಹಾಕುವ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ನಾನು ಅವನ್ನು ತೆಗೆದು ಒಲೆಗೆ ಹಾಕಿದೆ. ಅವಳು ಉರಿಯುವುದನ್ನು ನೋಡುತ್ತಾ ಕೂತಳು.

"ಮೇಲಿನವರಿಗೆ ಏನೆಂದು ತಿಳಿಸಲಿ?"

"ಒಲೆ ಭರ್ತಿ ಮಾಡಿ ಕೊಡ್ತು ಅಂತ ಹೇಳು."

ಆಮೇಲೆ ಹಾಳೆ ತರಲಿಲ್ಲ. ಸ್ಕೂಟರ್ ಓಡಿಸಲು ಕಲಿಸು ಎಂದಳು. ಹಿಮದ ಮೇಲೆ ಓಡುವ ಆ ಗಾಡಿ ನಮ್ಮ ಮಕ್ಕಳಿಗೆ ನಡೆಯಲು ಬರುವ ಮುಂಚೆ ಬರುತ್ತದೆ. ಅವಳು ಹತ್ತಿ, ಹಿಡಿಕೆ ತಿರುವಿ, ನೆಟ್ಟಗೆ ಹೋಗಿ ಪೊದೆಯೊಳಗೆ ಮಗುಚಿದಳು. ಕೆಂಪು ಟೊಪ್ಪಿ ಮಾತ್ರ ಹಿಮದ ಮೇಲಿತ್ತು. ಎಳೆದು ಹೊರತೆಗೆಯುವಾಗ ನನಗೆ ನಗು ಬಂತು. ಯೋವ್ನಾ ಹೋದ ಮೇಲೆ ಅದೇ ಮೊದಲು. ನಕ್ಕ ಮರುಗಳಿಗೆಯೇ ಅವನಿಗಿಲ್ಲದ ನಗು ನನಗೇಕೆ ಎಂದು ಮುಖ ಗಂಟಿಕ್ಕಿಕೊಂಡೆ. ಅವಳು ಬಾಯಿಂದ ಹಿಮ ಉಗುಳುತ್ತಾ ನನ್ನನ್ನು ನೋಡಿದಳು, ನೋಡಿಯೂ ನೋಡದ ಹಾಗೆ ಗಾಡಿಯ ಕಡೆ ತಿರುಗಿದಳು. ಆ ವಿದ್ಯೆಯನ್ನು ಯಾವ ತರಗತಿಯೂ ಕಲಿಸಿರಲಾರದು.

ಏಪ್ರಿಲ್‌ನಲ್ಲಿ ಅವಳನ್ನು ಕೆರೆಗೆ ಕರೆದುಕೊಂಡು ಹೋದೆ. ಮಂಜುಗಡ್ಡೆಯಲ್ಲಿ ತೂತು ಕೊರೆದು, ಹಿಮಸಾರಂಗದ ತೊಗಲು ಹಾಸಿ, ಅವಳಿಗೊಂದು ಗಾಳದ ದಾರ, ನನಗೊಂದು ದಾರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ತೂತು ನೋಡಿದರೆ ಸಾಕು. ಅಲ್ಲಿ ಅವಳು ತನ್ನ ಮಾತು ಹೇಳಿದಳು. ನಾನು ಕೇಳಿರಲಿಲ್ಲ.

ಅವಳ ಅಪ್ಪ ಕೊಲ್ಲಿಯ ತುದಿಯಲ್ಲಿ ಮೀನು ಹಿಡಿಯುತ್ತಿದ್ದ. ತಾಯಿ ಮೀನು ಸೀಳುವ ಕಾರ್ಖಾನೆಯಲ್ಲಿದ್ದಳು. ತಾಯಿಗೆ ಚಿಕ್ಕಂದಿನಲ್ಲಿ ವಸತಿಶಾಲೆಯಲ್ಲಿ ನಮ್ಮ ಭಾಷೆ ಆಡಿದ್ದಕ್ಕೆ ಸಿಕ್ಕ ಏಟು ಮರೆತಿರಲಿಲ್ಲ. ಮಕ್ಕಳಿಗೆ ಆ ಏಟು ಬೇಡವೆಂದು ಅವರೊಂದಿಗೆ ಒಂದು ಮಾತೂ ಆಡಲಿಲ್ಲ. ಪಕ್ಕದ ಮನೆಯವರೊಂದಿಗೆ ಆಡುತ್ತಿದ್ದವಳು ಮಕ್ಕಳು ಒಳಗೆ ಬಂದರೆ ಬಾಯಿ ಮುಚ್ಚುತ್ತಿದ್ದಳು. ಗಾರೆನ್ ದಕ್ಷಿಣಕ್ಕೆ ಹೋಗಿ ದಾದಿಯಾದಳು, ಮದುವೆಯಾದಳು, ಒಬ್ಬಳು ಮಗಳು ಹುಟ್ಟಿದಳು, ಗಂಡ ಬಿಟ್ಟ. ಅಷ್ಟರಲ್ಲಿ ತಾಯಿಗೆ ಮರೆವಿನ ಕಾಯಿಲೆ ಬಂತು. ಆಮೇಲೆ ಕಲಿತ ನಾರ್ವೀಜಿಯನ್ ಮೊದಲು ಹೋಯಿತು. ಉಳಿದದ್ದು ಚಿಕ್ಕಂದಿನ ಭಾಷೆ.

"ನಾನೇ ದಾದಿ. ನಾನೇ ಮಗಳು. ಪಕ್ಕದಲ್ಲಿ ಕೂತಿರುತ್ತಿದ್ದೆ" ಎಂದಳು ಗಾರೆನ್, ದಾರ ನೋಡುತ್ತಾ. "ದಿನಾ ಸಂಜೆ ಅಮ್ಮ ನನ್ನ ತೋಳು ಹಿಡಿದು ಒಂದೇ ಮಾತು ಕೇಳುತ್ತಿದ್ದಳು. ಅದೇ, ಅದೇ. ನನಗೆ ಅರ್ಥವಾಗುತ್ತಿರಲಿಲ್ಲ. ಉತ್ತರ ಸಿಗದೆ ಅಳುತ್ತಿದ್ದಳು, ಮಂಚದಿಂದ ಇಳಿಯಲು ನೋಡುತ್ತಿದ್ದಳು. ಬಡಬಡಿಸುತ್ತಿದ್ದಾರೆ, ಗುಳಿಗೆ ಹೆಚ್ಚಿಸೋಣವೇ ಎಂದು ವಾರ್ಡಿನವರು ಕೇಳಿದರು. ಹೂಂ ಎಂದೆ."

"ಏನು ಕೇಳ್ತಿದ್ಲು?"

"ಅವಳು ಹೋಗಿ ಎಷ್ಟೋ ವರ್ಷದ ಮೇಲೆ, ಸಂಜೆಯ ತರಗತಿಯಲ್ಲಿ, ಹಲಗೆಯ ಮೇಲೆ ಪಾಠ ಬರೆದಿದ್ದರು. ಓದಿದೆ. ಅಮ್ಮನ ಮಾತು ಅಲ್ಲೇ ಇತ್ತು. ದೋಣಿ ದಡಕ್ಕೆ ಎಳೆದಾಯ್ತಾ? ಅಷ್ಟೇ. ಸಂಜೆಯಾಗುತ್ತಿದೆ, ಅಲೆ ಏರುತ್ತದೆ, ದೋಣಿ ದಡಕ್ಕೆ ಎಳೆದಾಯ್ತಾ ಎಂದು ಕೇಳುತ್ತಿದ್ದಳು. ಆಯ್ತಮ್ಮ ಎಂದಿದ್ದರೆ ನಿದ್ದೆ ಮಾಡುತ್ತಿದ್ದಳು."

ನನ್ನ ದಾರ ಎಳೆಯಿತು. ನಾನು ಎಳೆಯಲಿಲ್ಲ. ಮೀನು ತಪ್ಪಿಸಿಕೊಂಡಿತು. ನನ್ನ ಕೈಗವಸು ಬಿಚ್ಚಿ ಅವಳ ಕಡೆ ಎಸೆದೆ. ಹಾಕಿಕೊಂಡಳು.

ಜುಲೈಯಲ್ಲಿ ಹಿಂಡು ಸಮುದ್ರದ ಕಡೆಯ ಬೆಟ್ಟಗಳಲ್ಲಿರುತ್ತದೆ. ಮರಿಗಳಿಗೆ ಗುರುತು ಹಾಕುವ ಕೆಲಸಕ್ಕೆ ಎಲ್ಲ ಮನೆಯವರೂ ಗುಡಾರ ಹೊಡೆದು ಸೇರುತ್ತಾರೆ. ಲೆಮೆತ್ ಗಾರೆನ್‌ಳನ್ನೂ ಕರೆದಿದ್ದ. ನನ್ನನ್ನು ಕೇಳಿರಲಿಲ್ಲ.

ಬಂದವಳನ್ನು ಹೆಂಗಸರು ಸುತ್ತುವರಿದು ಗೋಳು ಹೊಯ್ದುಕೊಂಡರು. "ಏನೇ ಮೀನಮ್ಮ, ಸಮ್ಮೊಲ್‌ನ ಮದುವೆ ಮಾಡ್ಕೊಳ್ಳೋಕೆ ಬಂದ್ಯಾ? ಅವನ ಸಿಟ್ಟು ನೋಡಿ ಮೂರು ಹೆಣ್ಣು ಓಡಿಹೋಗಿದಾವೆ ನೋಡು."

"ನನಗೆ ಓಡೋಕೆ ಬರಲ್ಲ, ಮಂಡಿ ನೋವು" ಎಂದಳು. ಆ ಹೊತ್ತಿಗೆ ಅವಳ ನಾಲಿಗೆ ಪುಸ್ತಕದಿಂದ ಇಳಿದು ನೆಲಕ್ಕೆ ಬಂದಿತ್ತು.

ದೊಡ್ಡಿಯೊಳಗೆ ಹಿಂಡು ಸುತ್ತುತ್ತಿತ್ತು. ಮಂಜು ಕವಿದ ದಿನ, ತೊಗಲಿನ ಹಬೆ, ತಾಯಿಗಳ ಗೊರಗೊರ, ಎಲ್ಲೆಲ್ಲೂ ಕುಣಿಕೆ ಹಗ್ಗ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾರ ಮರಿ? ಹಿಡಿದವನು ಕೂಗುತ್ತಾನೆ, ಗುರುತಿಸಿದವನು ಕೂಗಿ ಹೇಳುತ್ತಾನೆ. ಗಾರೆನ್‌ಗೆ ಹೆಂಗಸರು ಅದನ್ನು ಹೇಳಿಕೊಟ್ಟಿದ್ದರು. ಅವಳೂ ಅವರಿವರ ಹತ್ತಿರ ಹೋಗಿ "ಯಾರ ಮರಿ, ಯಾರ ಮರಿ" ಎಂದು ಕೇಳುತ್ತಾ ಮಕ್ಕಳಂತೆ ಓಡಾಡುತ್ತಿದ್ದಳು. ನಾನು ಬೇಲಿಯ ಮೂಲೆಯಲ್ಲಿ, ಹಿಂದಿನ ವರ್ಷದ ಹಾಗೆಯೇ ಬೆನ್ನು ತಿರುಗಿಸಿ, ಮಂಡಿಯಡಿ ಒಂದು ಮರಿಯನ್ನು ಒತ್ತಿ ಚಾಕು ತೆಗೆದಿದ್ದೆ. ನನ್ನ ಸುತ್ತ ಯಾರೂ ಬರುತ್ತಿರಲಿಲ್ಲ. ಬರಬಾರದೆಂದು ಎಲ್ಲರಿಗೂ ಗೊತ್ತಿತ್ತು.

ಅವಳು ಬಂದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮರಿಯ ಮೂಗು ಸವರಿ ಕೇಳಿದಳು. "ಯಾರ ಮರಿ?"

ಹತ್ತಿರದಲ್ಲಿದ್ದವರ ಹಗ್ಗಗಳು ನಿಂತವು. ಲೆಮೆತ್ ನಮ್ಮ ಕಡೆ ತಿರುಗಿದ.

"ಹೋಗು ಇಲ್ಲಿಂದ" ಎಂದೆ.

"ಯಾರ ಮರಿ ಅಂತ ಕೇಳಿದೆ ಅಷ್ಟೇ."

ಅವಳಿಗೆ ಆಗ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳಿದಳೋ, ನಾನು ಎಂದೂ ವಿಚಾರಿಸಲಿಲ್ಲ. ಮರಿಯನ್ನು ಬಿಡದೆ, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ನಾಲ್ಕು ಮಾತು ಕಲಿತ ಮಾತ್ರಕ್ಕೆ ನಮ್ಮವಳಾಗಿಬಿಟ್ಯಾ? ಹೆತ್ತ ತಾಯಿ ಕೈ ಹಿಡಿದು ಬೇಡ್ಕೊಂಡ್ರೆ ಅರ್ಥ ಆಗದೆ ಗುಳಿಗೆ ನುಂಗಿಸಿ ಮಲಗಿಸಿದವಳು ನೀನು! ನೀನೇನೇ ನನ್ನ ಕೇಳೋದು?"

ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅವಳು ಆ ಮಾತನ್ನು ನನಗೊಬ್ಬನಿಗೆ ಹೇಳಿದ್ದಳು. ಕೆರೆಯ ಮೇಲೆ, ಕೈಗವಸಿಲ್ಲದೆ ಕೂತು. ನಾನು ಅದನ್ನು ನಾಯಿಗೆ ಮೂಳೆ ಎಸೆದ ಹಾಗೆ ದೊಡ್ಡಿಯ ನಡುವೆ ಎಸೆದೆ.

ಅವಳ ಮುಖ ಬೂದಿಯಾಯಿತು. ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿ ಎಂದುಕೊಂಡೆ. ಅವಳು ಏಳಲಿಲ್ಲ. ಕೈ ಚಾಚಿ ಮರಿಯ ಕಿವಿಯನ್ನು ಬೆರಳಲ್ಲಿ ಹಿಡಿದುಕೊಂಡಳು.

"ಹೌದು" ಎಂದಳು. "ಆಗ ಯಾರನ್ನೂ ಕೇಳಲಿಲ್ಲ. ಪಕ್ಕದ ಮನೆಯವರನ್ನ ಕರೆದು ಒಂದ್ಸಲ ಕೇಳಬಹುದಿತ್ತು, ಏನು ಹೇಳ್ತಿದಾಳೆ ಅಂತ. ನಾಚಿಕೆ ಆಯ್ತು. ಕೇಳಲಿಲ್ಲ. ಈಗ ಕೇಳ್ತಿದೀನಿ. ಯಾರ ಮರಿ ಸಮ್ಮೊಲ್?"

ಮರಿಯ ಎದೆ ನನ್ನ ಮಂಡಿಯಡಿ ಡವಡವ ಹೊಡೆಯುತ್ತಿತ್ತು. ಅದರ ತಾಯಿ ಬೇಲಿಯ ಹತ್ತಿರ ನಿಂತು ಕರೆಯುತ್ತಿತ್ತು, ಕಿವಿಯಲ್ಲಿ ಅವನ ಗುರುತು.

"ಯೋವ್ನಾಂದು" ಎಂದೆ.

ಅವನು ಹೋದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಇನ್ನೂ ಏನೇನೋ ಬಂತು. ಕಾಫಿಗೆ ಕರೆದದ್ದು, ಫೋನ್ ಇಟ್ಟದ್ದು, ಮೀನು ತೂಗು ಎಂದದ್ದು. ಗೊಣ್ಣೆ ಸುರಿಸುತ್ತಾ, ಮರಿಯ ಬೆನ್ನಿನ ಮೇಲೆ ಹಣೆಯಿಟ್ಟು ಹೇಳಿದೆ. ಯಾರೂ ನನ್ನ ತಪ್ಪಲ್ಲ ಎನ್ನಲಿಲ್ಲ. ಲೆಮೆತ್ ಬಂದು ನನ್ನ ಕೈಯಿಂದ ಚಾಕು ತೆಗೆದುಕೊಂಡ. ಒರೆಯೊಳಗೆ ಹಾಕಿ, "ಈ ಮರಿಗಳು ಕಾಯ್ತವೆ. ಶರತ್ಕಾಲದಲ್ಲಿ ಗುರುತು ಹಾಕಿದ್ರೂ ನಡೆಯುತ್ತೆ. ಯಾರ ಚಾಕು ಬೇಕೋ ಅವರನ್ನ ಕರ್ಕೊಂಡು ಬಾ" ಎಂದ. ಆಮೇಲೆ ದೊಡ್ಡಿಯ ಕಡೆ ತಿರುಗಿ, "ಏನ್ರೋ ನೋಡ್ತಾ ನಿಂತಿದೀರ? ಹಿಂಡು ನಿಮ್ಮಪ್ಪ ಕಾಯ್ತಾನಾ?" ಎಂದು ಬೈದ.

ಗಾರೆನ್ ಆ ದಿನ ಸಂಜೆ ಗುಡಾರಕ್ಕೆ ಬರಲಿಲ್ಲ. ಮೂಳೆ ಒಡೆದು ಮಜ್ಜೆ ತಿನ್ನಲು ಹೆಂಗಸರು ಕರೆದರೂ, ಕಾರಿನಲ್ಲೇ ಕೂತಿದ್ದಳು. ನಾನು ಅಲ್ಲಿಗೆ ಹೋಗಬೇಕಿತ್ತು. ಅರ್ಧ ದಾರಿ ಹೋದೆ. ಕಾರಿನ ಕಿಟಕಿಯಲ್ಲಿ ಟೊಪ್ಪಿ ಕಂಡಿತು, ತಲೆ ಸ್ಟೀರಿಂಗ್ ಮೇಲಿತ್ತು. ತಿರುಗಿ ಬಂದೆ.

ಆದರೂ ಸೆಪ್ಟೆಂಬರಿನಲ್ಲಿ ನನ್ನ ಜೊತೆ ಮಾಗ್ಗಾಳ ಮನೆಗೆ ಬಂದವಳು ಅವಳೇ. ಒಬ್ಬನೇ ಹೋಗಿದ್ದರೆ ಬಾಗಿಲಿನಿಂದಲೇ ಓಡಿಬರುತ್ತಿದ್ದೆ. ಮಾಗ್ಗಾ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದ್ಯಾ ಭಾವ? ದಾರಿ ತಪ್ಪಿ ಬಂದ್ಯಾ, ಇಲ್ಲ ಪೆಟ್ರೋಲ್ ಖಾಲಿ ಆಯ್ತಾ?"

"ಬೇಕೂಂತ ಬಂದೆ."

"ಎರಡು ವರ್ಷ. ಎರಡು ವರ್ಷ ನನ್ನ ಮಗಳು ಅಪ್ಪನ ಹಿಂಡು ಎಲ್ಲಿ ಅಂತ ಕೇಳಿದ್ಲು. ತಿಂದು ಮುಗಿಸಿದ್ಯೇನೋ ಅಂದ್ಕೊಂಡಿದ್ದೆ."

"ಇಲ್ಲ ಮಾಗ್ಗಾ. ಒಂದೂ ಮುಟ್ಟಿಲ್ಲ. ಎಲ್ಲಾ ಅವನ ಗುರುತಲ್ಲೇ ಇದೆ."

ಸುನ್ನಾ ಮೆಟ್ಟಿಲ ಮೇಲೆ ಕೂತಿದ್ದಳು, ಹನ್ನೊಂದು ವರ್ಷ, ಯೋವ್ನಾನದೇ ಹುಬ್ಬು. "ದೊಡ್ಡಪ್ಪ, ನಿನಗೆ ಅಪ್ಪನ ಮೇಲೆ ಸಿಟ್ಟಿತ್ತಾ?" ಎಂದು ಕೇಳಿದಳು.

ಮಾಗ್ಗಾ, "ಸುನ್ನಾ!" ಎಂದು ಗದರಿದಳು. ನಾನು ಗಾರೆನ್ ಮುಖ ನೋಡಿದೆ. ಅವಳು ತನ್ನ ಷೂ ದಾರ ನೋಡುತ್ತಿದ್ದಳು.

"ಇತ್ತು. ಒಂದು ಗೇಟಿಗೋಸ್ಕರ" ಎಂದೆ.

"ನನಗೂ ಇದೆ. ಗೇಟಿಗಲ್ಲ" ಎಂದಳು.

ಆ ಶರತ್ಕಾಲದಲ್ಲಿ ಅವಳು ದೊಡ್ಡಿಗೆ ಬಂದು ಅಪ್ಪನ ಗುರುತನ್ನು ತನ್ನ ಕೈಯಿಂದ ಕೊಯ್ದಳು. ಮೊದಲ ಮರಿಯ ಎಡಕಿವಿಯ ಕಚ್ಚು ಸೊಟ್ಟಗಾಯಿತು. ಲೆಮೆತ್, "ಚೆನ್ನಾಗಿದೆ, ನಿಮ್ಮಪ್ಪನೂ ಸೊಟ್ಟಗೇ ಕೊಯ್ತಿದ್ದ" ಎಂದ. ಅದು ಸುಳ್ಳು. ಯೋವ್ನಾನ ಕೈ ನಮ್ಮೆಲ್ಲರಿಗಿಂತ ನೇರ. ಚಳಿಗಾಲ ಬರುತ್ತಲೇ ಬಂದೂಕು ನನ್ನ ಗೋಡೆಗೆ ವಾಪಸ್ ಬಂತು. "ನನ್ನದು ರಿಪೇರಿ ಆಯ್ತು" ಎಂದ ಲೆಮೆತ್.

ಸೆಪ್ಟೆಂಬರಿನ ಆ ದಿನ ಮಾಗ್ಗಾಳ ಮನೆಯಿಂದ ವಾಪಸ್ ಬರುವ ದಾರಿಯಲ್ಲಿ, ಕಾರಿನಲ್ಲಿ, ದೊಡ್ಡಿಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಲು ಹೊರಟೆ. ಎರಡು ಸಲ ಗಂಟಲು ಸರಿಮಾಡಿದೆ. ಗಾರೆನ್ ಉಪ್ಪುಮಿಠಾಯಿ ಚೀಪುತ್ತಾ ರಸ್ತೆ ನೋಡುತ್ತಿದ್ದಳು.

"ಬೇಡ ಬಿಡು" ಎಂದಳು. "ಕ್ಷಮೆ ಕೇಳೋಕೆ ನಿನಗೆ ಬರಲ್ಲ, ಕೇಳಿಸಿಕೊಳ್ಳೋಕೆ ನನಗೆ ಬರಲ್ಲ. ಅದರ ಬದಲು ನನಗೊಂದು ಹಾಡು ಕಟ್ಟಿಕೊಡು. ನೀನು ಚೆನ್ನಾಗಿ ಕಟ್ತಿದ್ದೆ ಅಂತ ಹೆಂಗಸರು ಹೇಳಿದ್ರು."

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಹಾಡಿರುತ್ತದೆ. ಮಾತು ಬೇಕಾಗಿಲ್ಲ, ರಾಗ ಸಾಕು. ಹಾಡಿದರೆ ಆ ಮನುಷ್ಯ ಎದುರಿಗೆ ಬಂದು ನಿಂತ ಹಾಗೆ. ತನ್ನದನ್ನು ತಾನೇ ಕಟ್ಟಿಕೊಳ್ಳುವಂತಿಲ್ಲ, ಇನ್ನೊಬ್ಬರು ಕೊಡಬೇಕು. ಗಾರೆನ್‌ಗೆ ಹುಟ್ಟಿದಾಗಿನಿಂದ ಯಾರೂ ಕೊಟ್ಟಿರಲಿಲ್ಲ. ಕೊಲ್ಲಿಯಲ್ಲಿ ಅದನ್ನು ಪಾಪವೆಂದು ಬಿಟ್ಟಿದ್ದರು. ಯೋವ್ನಾನ ಹಾಡು ಕಟ್ಟಿದವನು ನಾನು, ಅವನು ತೊಟ್ಟಿಲಲ್ಲಿದ್ದಾಗ. ಅವನು ಹೋದ ಮೇಲೆ ನಾನು ಹಾಡಲು ಬಾಯಿ ತೆರೆದಿರಲಿಲ್ಲ.

"ಮುಂದಿನ ಬೇಸಿಗೆಗೆ" ಎಂದೆ.

"ಪೊದೆಯೊಳಗೆ ಬಿದ್ದದ್ದನ್ನ ಸೇರಿಸಬೇಡ" ಎಂದಳು.

ಅವಳು ಬೇಸಿಗೆಯ ಮೇಲೆ ಬೇಸಿಗೆ ಬಂದಳು. ನನಗೋಸ್ಕರವಲ್ಲ, ಬೇರೆ ಮನೆಗಳಿಗೆ. ನನ್ನಂಥವರು ಬೆಟ್ಟದ ತುಂಬ ಇದ್ದರು. ಕೆಲವರಿಗೆ ಅವಳಿಂದ ಏನೂ ಆಗಲಿಲ್ಲ. ಒಬ್ಬನನ್ನು ಕಳೆದುಕೊಂಡಾಗ ನನ್ನ ಅಡುಗೆಮನೆಯಲ್ಲಿ ಬಂದು ಕೂತು, ಕಾಫಿಯನ್ನು ಆರಲು ಬಿಟ್ಟಳು. ಆಗ ನಾನು ಅವಳಿಗೆ ಕಟ್ಟಿಗೆ ಸೀಳಲು ಕೊಟ್ಟೆ. ಎಲ್ಲವನ್ನೂ ಸೀಳಿ ಹೋದಳು. ಪ್ರತಿ ಬೇಸಿಗೆ ದೊಡ್ಡಿಯಲ್ಲಿ ನನ್ನನ್ನು ನೋಡಿ, "ಹಾಡು ಆಯ್ತಾ?" ಎನ್ನುತ್ತಿದ್ದಳು. "ಆಗ್ತಿದೆ" ಎನ್ನುತ್ತಿದ್ದೆ. ಆಗುತ್ತಿರಲಿಲ್ಲ. ಸ್ಕೂಟರ್ ಓಡಿಸುತ್ತಾ ಅವಳ ಹಾಡು ಹುಡುಕಿದರೆ, ಮೊದಲು ಮರಿಯ ಕಿವಿ ಹಿಡಿದ ಆ ಬೆರಳು, ಬೂದಿಯಾದ ಮುಖ ಬರುತ್ತಿತ್ತು. ಅದನ್ನು ಬಿಟ್ಟು ಕಟ್ಟಿದರೆ ಸುಳ್ಳಾಗುತ್ತದೆ. ಅದನ್ನಿಟ್ಟುಕೊಂಡು ಕಟ್ಟುವ ಧೈರ್ಯ ಇರಲಿಲ್ಲ.

ಹೋದ ಚಳಿಗಾಲ ಅವಳಿಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಮಗಳು ದಕ್ಷಿಣಕ್ಕೆ ಕರೆದುಕೊಂಡು ಹೋದಳು. ಅವಳ ಮಾತು ಹೋಗಿತ್ತು, ಎಲ್ಲ ಭಾಷೆಯೂ. ಮಗಳ ನಂಬರು ಹುಡುಕಿ ಫೋನ್ ಮಾಡಿದವಳು ಸುನ್ನಾ. ಈಗ ದೊಡ್ಡವಳು, ನನ್ನ ಮೇಲೆ ಜೋರು ಮಾಡುತ್ತಾಳೆ. "ಮಾತಾಡು ದೊಡ್ಡಪ್ಪ. ಕಿವಿ ಕೇಳುತ್ತಂತೆ, ಫೋನ್ ಹಿಡ್ಕೊಂಡಿದಾರೆ" ಎಂದು ನನ್ನ ಕೈಗೆ ತುರುಕಿದಳು.

ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಹಾಡಬೇಕಿತ್ತು. ಹಾಡಿಗೆ ಮಾತೇ ಬೇಡವಲ್ಲ, ಅವಳಿಗೆ ಆಗ ತಲುಪುವುದು ಅದೊಂದೇ ಆಗಿತ್ತು. ಬಾಯಿ ತೆರೆದೆ. ಕಟ್ಟದ ಹಾಡು ಬರುವುದೆಲ್ಲಿಂದ? ಸುನ್ನಾ ನನ್ನನ್ನೇ ನೋಡುತ್ತಿದ್ದಳು.

"ಗಾರೆನ್, ದೋಣಿ ದಡಕ್ಕೆ ಎಳೆದಾಯ್ತು" ಎಂದೆ.

ಉಸಿರು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಮಗಳು ಫೋನ್ ತೆಗೆದುಕೊಂಡು ನಾರ್ವೀಜಿಯನ್‌ನಲ್ಲಿ, "ನೀವು ಏನು ಹೇಳಿದಿರಿ? ಅಮ್ಮ ಅಳುತ್ತಿದ್ದಾಳೆ" ಎಂದಳು. ಅವಳಿಗೆ ಆ ಕತೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ, ಇನ್ನೊಂದು ಸಲ ಅದನ್ನು ಬೇರೆಯವರ ಮುಂದೆ ಇಡಲು ಮನಸ್ಸಾಗಲಿಲ್ಲ.

ವಸಂತಕ್ಕೆ ಮುಂಚೆ ತೀರಿಕೊಂಡಳು. ಆ ದೋಣಿಯ ಮಾತು ಅವಳು ತನ್ನ ತಾಯಿಗೆ ಕೊಡಬೇಕಾಗಿದ್ದುದು. ನಾನು ಅವಳಿಗೆ ಕೊಡಬೇಕಾಗಿದ್ದುದು ಬೇರೆ. ಈ ಬೇಸಿಗೆಯೂ ದೊಡ್ಡಿಯಲ್ಲಿ, ಮರಿಯೊಂದನ್ನು ಹಿಡಿದು ಕೂತಾಗ, ಮೊದಲ ಎರಡು ಸ್ವರ ಬಂದವು. ಮೂರನೆಯದಕ್ಕೆ ಕಾದೆ. ಅಷ್ಟರಲ್ಲಿ ಸುನ್ನಾ ಬೇಲಿಯ ಆಚೆಯಿಂದ, "ಯಾರ ಮರಿ?" ಎಂದು ಕೂಗಿದಳು.